ಜೀನ್ಸ್ ಯೂನಿಟ್‌ಗೆ ವೆಬ್‌ಸೈಟ್ ಮಾಡ್ಸಿದೀವಿ, ಫೇಸ್‌ಬುಕ್ ಇನ್‌ಸ್ಟಾಗ್ರಾಮ್‌ನಿಂದ ಜನರನ್ನ ಅಲ್ಲಿಗೆ ತರೋದು ಹೆಂಗೆ?

ಪ್ರಶ್ನೆ: ಸರ್ ನಮಸ್ಕಾರ. ನಮ್ದು ಬಳ್ಳಾರಿ ಕೌಲ್ ಬಜಾರ್ ಕಡೆ ಸಣ್ಣ ಜೀನ್ಸ್ ಯೂನಿಟ್. ಅಪ್ಪ ಇಷ್ಟು ವರ್ಷ ಬೇರೆಯವರ ಲೇಬಲ್‌ಗೆ ಜಾಬ್‌ವರ್ಕ್ ಮಾಡ್ಕೊಂಡು ಬಂದ್ರು, ಸ್ವಲ್ಪ ಮಾಲು ಸುತ್ತಮುತ್ತ ಊರಿನ ಅಂಗಡಿಯವ್ರಿಗೂ ಕೊಡ್ತಾರೆ. ಈಗ ನಾನು ನನ್ನ ತಮ್ಮ ಸೇರಿ ನಮ್ದೇ ಲೇಬಲ್ ಹಾಕಿ ವೆಬ್‌ಸೈಟ್ ಮಾಡ್ಸಿದೀವಿ. ದಿನಾ ಫೇಸ್‌ಬುಕ್‌ನಾಗೆ ಇನ್‌ಸ್ಟಾಗ್ರಾಮ್‌ನಾಗೆ "ನಮ್ಮ ವೆಬ್‌ಸೈಟ್‌ಗೆ ಭೇಟಿ ಕೊಡಿ" ಅಂತ ಪೋಸ್ಟರ್ ಹಾಕ್ತೀವಿ, ಲೈಕು ಬರೋದು ಬರೀ ಫ್ರೆಂಡ್ಸ್‌ದು, ಸೈಟ್‌ಗೆ ಯಾರೂ ಬರ್ತಿಲ್ಲ. ಒಬ್ರು ದುಡ್ಡು ಕೊಟ್ರೆ ಹತ್ತು ಸಾವಿರ ಫಾಲೋವರ್ಸ್ ಹಾಕ್ಸಿಕೊಡ್ತೀನಿ ಅಂತಿದಾರೆ. ಅಪ್ಪ ಬೇರೆ, ಆನ್‌ಲೈನ್‌ನಾಗೆ ರೇಟ್ ಹಾಕಿದ್ರೆ ನಮ್ಮ ಹಳೆ ಅಂಗಡಿಯವ್ರು ಸಿಟ್ಟಾಗ್ತಾರೆ ಅಂತ ಹೆದರ್ತಾರೆ. ಏನ್ ಮಾಡ್ಬೇಕು ಹೇಳ್ರಿ.

ಉತ್ತರ:

ನಮಸ್ಕಾರ. ಮೊದ್ಲು ಆ ಹತ್ತು ಸಾವಿರ ಫಾಲೋವರ್ಸ್ ವಿಷ್ಯ ಮುಗಿಸಿಬಿಡೋಣ. ಬೇಡ. ಒಂದು ರೂಪಾಯಿನೂ ಕೊಡಬೇಡ್ರಿ. ಆ ಅಕೌಂಟ್‌ಗಳಲ್ಲಿ ಬಹಳಷ್ಟು ಫೇಕ್ ಇರ್ತಾವೆ, ಉಳಿದವು ಎಲ್ಲಿಯವೋ ಏನೋ, ಅವ್ರಲ್ಲಿ ಒಬ್ರೂ ನಿಮ್ಮ ಪ್ಯಾಂಟ್ ಕೊಳ್ಳಲ್ಲ. ಅದಕ್ಕಿಂತ ದೊಡ್ಡ ನಷ್ಟ ಏನಂದ್ರೆ, ನಿಮ್ಮ ಪೋಸ್ಟನ್ನ ನಿಮ್ಮ ಫಾಲೋವರ್ಸೇ ನೋಡ್ತಿಲ್ಲ ಅಂತ ಆ್ಯಪ್ ಲೆಕ್ಕ ಹಾಕಿದ್ರೆ ಹೊಸಬ್ರಿಗೆ ತೋರ್ಸೋದನ್ನೂ ಕಮ್ಮಿ ಮಾಡ್ತದೆ, ಅಂದ್ರೆ ನಾಳೆ ನೀವು ಒಳ್ಳೆ ವಿಡಿಯೋ ಹಾಕಿದ್ರೂ ಅದು ಎದ್ದೇಳೋದು ಕಷ್ಟ ಆಗ್ತದೆ.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ. ರೀಲ್ಸ್ ನೋಡ್ಕೊಂಡು ಆರಾಮ ಕೂತಿರೋ ಮನುಷ್ಯ ಆ್ಯಪ್ ಬಿಟ್ಟು ಬೇರೆ ಕಡೆ ಯಾಕೆ ಹೋಗ್ಬೇಕು? "ವೆಬ್‌ಸೈಟ್‌ಗೆ ಭೇಟಿ ಕೊಡಿ" ಅಂದ್ರೆ ಅವ್ನಿಗೇನು ಸಿಗ್ತದೆ ಅಂತ ಪೋಸ್ಟರ್‌ನಾಗೆ ಎಲ್ಲಿ ಐತೆ? ಆ್ಯಪ್ ಮಾಡಿದವ್ರೂ ಜನ ಹೊರಗೆ ಹೋಗ್ಬಾರ್ದು ಅಂತಾನೇ ಎಲ್ಲಾ ಕಟ್ಟಿದಾರೆ. ಇನ್‌ಸ್ಟಾಗ್ರಾಮ್ ಕ್ಯಾಪ್ಶನ್‌ನಾಗೆ ಲಿಂಕ್ ಹಾಕಿದ್ರೆ ಅದು ಒತ್ತಿದ್ರೂ ತೆಗಿಯಲ್ಲ. ಯೂಟ್ಯೂಬ್ ಶಾರ್ಟ್ಸ್ ಕಾಮೆಂಟು ಡಿಸ್ಕ್ರಿಪ್ಶನ್‌ನಾಗೆ ಹಾಕೋ ಲಿಂಕನ್ನೂ 2023ರ ಆಗಸ್ಟ್ 31ರಿಂದ ಒತ್ತಕ್ಕೆ ಬರದಂಗೆ ಮಾಡಿದ್ರು. ಹಿಂಗಿದ್ದಾಗ ಜನ ಹೊರಗೆ ಬರೋದು ಒಂದೇ ಕಾರಣಕ್ಕೆ, ತಲೆನಾಗೆ ಒಂದು ಡೌಟ್ ಎದ್ದಿರ್ತದೆ, ಅದಕ್ಕೆ ಉತ್ತರ ಆ ಲಿಂಕ್‌ನಾಗೆ ಐತೆ ಅಂತ ಖಾತ್ರಿ ಆಗಿರ್ತದೆ. ಅದಕ್ಕೇ ವೆಬ್‌ಸೈಟ್ ಅಂತ ಇಡೀದನ್ನ ಪ್ರಚಾರ ಮಾಡೋದು ಬಿಡ್ರಿ. ಒಂದೊಂದು ಡೌಟ್ ಹಿಡೀರಿ, ಅದಕ್ಕೊಂದು ವಿಡಿಯೋ ಮಾಡ್ರಿ, ಆ ಡೌಟ್‌ಗೆ ಪೂರ್ತಿ ಉತ್ತರ ಇರೋ ಒಂದು ಪೇಜಿಗೆ ಲಿಂಕ್ ಕೊಡ್ರಿ, ಹೋಮ್ ಪೇಜಿಗಲ್ಲ.

ಜೀನ್ಸ್‌ನಾಗೆ ದೊಡ್ಡ ಡೌಟ್ ಯಾವ್ದು ಅಂತ ನಿಮಗೇ ಗೊತ್ತು. "ನನಗೆ ಆಗ್ತದಾ?" ಅಂಗಡಿನಾಗೆ ಟ್ರಯಲ್ ರೂಮ್ ಇರ್ತದೆ, ಫೋನ್‌ನಾಗೆ ಇಲ್ಲ. ಎರಡನೇದು "ದುಡ್ಡು ಹಾಕಿದ ಮೇಲೆ ಮಾಲು ಬರ್ತದಾ?" ಮೂರನೇದು "ಬಣ್ಣ ಬಿಡ್ತದಾ, ಒಗೆದ ಮೇಲೆ ಕುಗ್ತದಾ?" ಈ ಮೂರಕ್ಕೆ ನಿಮ್ಮ ಸೈಟ್‌ನಾಗೆ ಉತ್ತರ ಐತಾ ಅಂತ ಮೊದ್ಲು ನೋಡ್ಕೊಳ್ರಿ. ಇಲ್ಲಾಂದ್ರೆ ಸೋಶಿಯಲ್ ಮೀಡಿಯಾದಿಂದ ಸಾವಿರ ಜನರನ್ನ ತಂದು ಬಿಟ್ರೂ ಬಂದಷ್ಟೇ ಬೇಗ ವಾಪಸ್ ಹೋಗ್ತಾರೆ.

ಸೈಟ್ ಪರೀಕ್ಷೆಗೆ ಹೊಸ ಫೋನು ವೈಫೈ ಬೇಡ. ಮನೆನಾಗೆ ಯಾರ ಹತ್ರ ಹಳೆ ಫೋನ್ ಐತೋ ಅದು ತಗೊಂಡು, ಹೊಸ ಬಸ್ ಸ್ಟ್ಯಾಂಡ್‌ನಂಥ ಜನ ಜಾಸ್ತಿ ಇರೋ ಕಡೆ ನಿಂತು, ಮೊಬೈಲ್ ಡೇಟಾದ ಮೇಲೆ ತೆಗೆದು ನೋಡ್ರಿ. ಸಣ್ಣ ಯೂನಿಟ್‌ನವ್ರ ಸೈಟ್ ನಿಧಾನ ಆಗೋದು ಬಹಳ ಸಲ ಒಂದೇ ಕಾರಣಕ್ಕೆ, ಕ್ಯಾಮೆರಾದಿಂದ ಬಂದ ಫೋಟೋನ ಹಂಗೇ ಏರಿಸಿರ್ತಾರೆ, ಒಂದೊಂದು ಐದಾರು ಎಂಬಿ. ಅದನ್ನ ಇನ್ನೂರು ಕೆಬಿ ಒಳಗೆ ತಂದ್ರೂ ಫೋನ್‌ನಾಗೆ ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಗೂಗಲ್‌ದು ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅಂತ ಫ್ರೀ ಟೂಲ್ ಐತೆ, ಸೈಟ್ ಅಡ್ರೆಸ್ ಹಾಕಿದ್ರೆ ಎಲ್ಲಿ ಭಾರ ಆಗೈತೆ ಅಂತ ಅದೇ ತೋರಿಸ್ತದೆ, ಅದನ್ನ ಸೈಟ್ ಮಾಡಿಕೊಟ್ಟವ್ರಿಗೆ ಕಳ್ಸಿ ಸರಿ ಮಾಡಿಸ್ರಿ.

ಆಮೇಲೆ ಈಗಲೇ ಒಂದು ಕೆಲ್ಸ ಮಾಡ್ರಿ, ನಿಮ್ಮ ಸೈಟ್ ಲಿಂಕನ್ನ ನಿಮ್ಮ ತಮ್ಮನ ವಾಟ್ಸಾಪ್‌ಗೆ ಕಳ್ಸಿ ಹೆಂಗೆ ಕಾಣ್ತದೆ ನೋಡ್ರಿ. ಲಿಂಕ್ ಮೇಲೆ ಒಂದು ಫೋಟೋ, ಒಂದು ಹೆಸ್ರು, ಒಂದು ಸಾಲು ವಿವರಣೆ ಬರ್ಬೇಕು. ಬರೀ ನೀಲಿ ಅಕ್ಷರದ ಲಿಂಕ್ ಬಂದ್ರೆ, ಇಲ್ಲಾ "ಹೋಮ್" ಅಂತ ಅಷ್ಟೇ ಬಂದ್ರೆ, ಯಾರೂ ಒತ್ತಲ್ಲ, ಈಗಿನ ಮೋಸದ ಕಾಲದಾಗೆ ಜನ ಅಂಥ ಲಿಂಕ್ ಕಂಡ್ರೆ ಹೆದರ್ತಾರೆ, ಹೆದರೋದು ಸರಿನೂ ಹೌದು. ಆ ಫೋಟೋ ಹೆಸ್ರು ಎಲ್ಲಿಂದ ಬರ್ತದೆ ಅಂದ್ರೆ ಪೇಜಿನ ಕೋಡ್‌ನಾಗೆ ಇರೋ ಓಪನ್ ಗ್ರಾಫ್ ಟ್ಯಾಗ್‌ಗಳಿಂದ, ಫೇಸ್‌ಬುಕ್‌ನವ್ರು 2010ರಾಗೆ ಶುರು ಮಾಡಿದ್ದು, ಈಗ ವಾಟ್ಸಾಪೂ ಅದನ್ನೇ ಓದ್ತದೆ. ಫೋಟೋ 1200 ಪಿಕ್ಸೆಲ್ ಅಗಲ 630 ಪಿಕ್ಸೆಲ್ ಎತ್ತರ ಇಟ್ರೆ ಚೆನ್ನಾಗಿ ಕೂರ್ತದೆ. ಪ್ರತಿ ಪೇಜಿಗೂ ಬೇರೆ ಬೇರೆ ಇರ್ಲಿ, ಸೈಜ್ ಪೇಜಿಗೆ ಟೇಪ್ ಹಿಡಿದ ಫೋಟೋ, ಕಪ್ಪು ಜೀನ್ಸ್ ಪೇಜಿಗೆ ಕಪ್ಪು ಜೀನ್ಸೇ. ಬದಲಾಯಿಸಿದ ಮೇಲೂ ಫೇಸ್‌ಬುಕ್‌ನಾಗೆ ಹಳೆ ಫೋಟೋನೇ ಬರ್ತಿದ್ರೆ ಅವ್ರದ್ದೇ ಶೇರಿಂಗ್ ಡಿಬಗರ್ ಅಂತ ಒಂದು ಪೇಜ್ ಐತೆ, ಅಲ್ಲಿ ಲಿಂಕ್ ಹಾಕಿ ಮತ್ತೆ ಓದಿಸಿದ್ರೆ ಹೊಸದು ಬರ್ತದೆ. ಇದು ಅರ್ಧ ದಿನದ ಕೆಲ್ಸ, ಆದ್ರೆ ಇದರಿಂದ ಆಗೋ ಲಾಭ ತಿಂಗಳುಗಟ್ಟಲೆ ಪೋಸ್ಟರ್ ಹಾಕಿದ್ರೂ ಆಗಲ್ಲ.

ಈಗ ವಿಡಿಯೋಗೆ ಬರೋಣ, ಇಲ್ಲಿ ನಿಮ್ಮಂಥವ್ರ ಹತ್ರ ದೊಡ್ಡ ಕಂಪನಿಗಳ ಹತ್ರನೂ ಇಲ್ಲದ ಆಸ್ತಿ ಐತೆ, ನೀವು ಅದನ್ನ ಮುಚ್ಚಿಟ್ಟು ನೆಟ್‌ನಿಂದ ತೆಗೆದ ಮಾಡೆಲ್ ಫೋಟೋ ಪೋಸ್ಟರ್ ಮಾಡ್ತಿದೀರಿ. ನಿಮ್ಮನೆನಾಗೆ ಪ್ಯಾಂಟ್ ಹುಟ್ಟೋದೇ ಕಣ್ಮುಂದೆ ಕಾಣ್ತದೆ. ಬಳ್ಳಾರಿ ಜೀನ್ಸ್ ಅಂದ್ರೆ ರಾಜ್ಯದಾಗೆಲ್ಲ ಗೊತ್ತು, ದಂಡಿನವ್ರಿಗೆ ಯೂನಿಫಾರಂ ಹೊಲಿತಿದ್ದ ದರ್ಜಿ ಮನೆತನಗಳಿಂದ ಬೆಳೆದು ಬಂದ ಕಸುಬು ಇದು ಅಂತ ಊರಿನ ಹಿರೇರು ಹೇಳ್ತಾರೆ. ಆದ್ರೂ ಬಳ್ಳಾರಿ ಯೂನಿಟ್ ಒಳಗೆ ಏನು ನಡೀತದೆ ಅಂತ ಬೆಂಗಳೂರಾಗೆ ಪ್ಯಾಂಟ್ ಹಾಕ್ಕೊಂಡ ಹುಡುಗನಿಗೆ ಗೊತ್ತಿಲ್ಲ. ಅದನ್ನ ತೋರಿಸ್ರಿ.

ಉದಾಹರಣೆಗೆ ಸೈಜ್ ವಿಡಿಯೋ. ನಿಮ್ಮಪ್ಪ ಕಟಿಂಗ್ ಟೇಬಲ್ ಮುಂದೆ ನಿಂತ್ಕೊಳ್ಲಿ. ನೋಡೋರು ಈಗ ಹಾಕ್ಕೊಳ್ಳೋ, ಅವ್ರಿಗೆ ಸರಿಯಾಗಿ ಕೂರೋ ಹಳೆ ಪ್ಯಾಂಟ್ ಒಂದನ್ನ ಬಟನ್ ಹಾಕಿ ಟೇಬಲ್ ಮೇಲೆ ಸುಕ್ಕಿಲ್ಲದಂಗೆ ಹಾಸ್ಬೇಕು, ಸೊಂಟದ ಪಟ್ಟಿ ಮುಂದೆ ಹಿಂದೆ ಸಮ ಮಾಡಿ ಈ ತುದಿಯಿಂದ ಆ ತುದಿಗೆ ಟೇಪ್ ಹಿಡೀಬೇಕು, ಬಂದ ಇಂಚನ್ನ ಎರಡು ಪಟ್ಟು ಮಾಡಬೇಕು. ಹದಿನೇಳು ಬಂದ್ರೆ ಮೂವತ್ನಾಲ್ಕು. ಆದ್ರೆ ಅದೇ ಪ್ಯಾಂಟಿನ ಲೇಬಲ್‌ನಾಗೆ 32 ಅಂತ ಇರ್ತದೆ, ಯಾಕಂದ್ರೆ ಬಹಳ ಬ್ರ್ಯಾಂಡ್‌ಗಳು ಲೇಬಲ್‌ನಾಗೆ ಹಾಕೋ ನಂಬರಿಗೂ ಟೇಪಿನ ಅಳತೆಗೂ ತಾಳೆ ಇರಲ್ಲ. ಇದನ್ನ ಅಪ್ಪ ಲೇಬಲ್ ತೋರಿಸಿ ಟೇಪ್ ತೋರಿಸಿ ಹೇಳಿದ್ರೆ ಜನ ಬಾಯ್ಬಿಟ್ಕೊಂಡು ನೋಡ್ತಾರೆ, ಅವ್ರಿಗೆ ಇಷ್ಟು ದಿನ ಆನ್‌ಲೈನ್ ಪ್ಯಾಂಟ್ ಯಾಕೆ ಸರಿ ಆಗ್ತಿರ್ಲಿಲ್ಲ ಅನ್ನೋದು ಗೊತ್ತಾಗ್ತದೆ. ಹಂಗೇ ತೊಡೆ ಅಗಲ, ಕವಲಿನಿಂದ ಕೆಳಗಿನವರೆಗಿನ ಉದ್ದ. ವಿಡಿಯೋ ಕೊನೆಗೆ "ನಿಮ್ಮ ಅಳತೆ ಬಂತಾ, ನಮ್ಮ ಯಾವ ಪ್ಯಾಂಟು ಟೇಪ್‌ನಾಗೆ ಎಷ್ಟು ಬರ್ತದೆ ಅಂತ ಪೂರ್ತಿ ಪಟ್ಟಿ ಬಯೋ ಲಿಂಕ್‌ನಾಗೆ ಹಾಕೀವಿ" ಅಂತ ಒಂದು ಮಾತು. ಬಯೋ ಅಂದ್ರೆ ಪ್ರೊಫೈಲ್ ಮೇಲ್ಗಡೆ ನಿಮ್ಮ ಹೆಸ್ರಿನ ಕೆಳಗಿರೋ ಪರಿಚಯದ ಜಾಗ. ಈಗ ಅವ್ನಿಗೆ ಹೊರಗೆ ಬರಕ್ಕೆ ಕಾರಣ ಸಿಕ್ತು, ಕೈನಾಗೆ ತನ್ನ ಅಳತೆ ಹಿಡ್ಕೊಂಡು ಬರ್ತಾನೆ. ಹಂಗೆ ಬಂದವ್ನು ಸುಮ್ನೆ ನೋಡಕ್ಕೆ ಬಂದವ್ನಲ್ಲ, ಅರ್ಧ ಗಿರಾಕಿ ಆಗ್ಲೇ ಆಗ್ಬಿಟ್ಟಿರ್ತಾನೆ. ಇನ್ನೊಂದು ಲಾಭ ಐತೆ, ಅಳತೆ ನೋಡಿ ತಗೊಂಡವ್ರ ಮಾಲು ವಾಪಸ್ ಬರೋದು ಕಮ್ಮಿ, ಕೊರಿಯರ್‌ಗೆ ಹೋಗೋ ಬರೋ ಎರಡೂ ಖರ್ಚು ಕೊಡೋ ಕಷ್ಟ ಏನು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ.

ಹಿಂಗೆ ಹುಡುಕಿದ್ರೆ ವಿಷ್ಯ ಎಷ್ಟು ಬೇಕು ಅಷ್ಟು ಅದಾವೆ. ಡೆನಿಮ್ ಮೇಲೆ ನೀಲಿ ಒಳಗೆ ಬಿಳಿ ಯಾಕೆ ಇರ್ತದೆ ಅಂತ ಒಂದು ತುಂಡು ಬಟ್ಟೆಯಿಂದ ಎಳೆ ಬಿಚ್ಚಿ ತೋರಿಸ್ರಿ, ಉದ್ದಕ್ಕೆ ಹೋಗೋ ಹಾಸು ನೂಲಿಗೆ ಮಾತ್ರ ಇಂಡಿಗೋ ಬಣ್ಣ, ಅಡ್ಡಕ್ಕೆ ಬರೋ ಹೊಕ್ಕು ನೂಲು ಬಿಳಿದು, ಬಣ್ಣನೂ ನೂಲಿನ ಮೇಲ್ಗಡೆ ಅಷ್ಟೇ ಕೂತಿರ್ತದೆ, ಒಳಗೆ ಬಿಳಿ ಉಳ್ದಿರ್ತದೆ, ಅದಕ್ಕೇ ಉಜ್ಜಿದಲ್ಲಿ ಬಿಳಿಚಿಕೊಳ್ತದೆ. ಹೊಸ ಪ್ಯಾಂಟು ಮೊದ್ಲ ಸಲ ಒಗಿಯೋವಾಗ ಒಳಗಿಂದ ಹೊರಗೆ ಮಾಡಿ ತಣ್ಣೀರಾಗೆ ಬೇರೆ ಬಟ್ಟೆ ಜೊತೆ ಹಾಕ್ದಂಗೆ ಒಗೀರಿ ಅಂತ ಹೇಳ್ರಿ, ಸ್ವಲ್ಪ ಬಣ್ಣ ಬಿಡ್ತದೆ ಅಂತ ಮುಚ್ಚಿಡದಂಗೆ ಹೇಳ್ರಿ. ಡೆನಿಮ್ ತೂಕನ ಔನ್ಸ್‌ನಾಗೆ ಹೇಳ್ತಾರಲ್ಲ, ಎಂಟು ಹತ್ತು ಔನ್ಸಿಂದು ತೆಳು, ಹದಿಮೂರು ಹದಿನಾಲ್ಕು ದಪ್ಪ, ನಮ್ಮ ಬಳ್ಳಾರಿ ರಾಯಚೂರು ಬಿಸಿಲಿಗೆ ಯಾವ್ದು ಹಾಕ್ಕೊಬೇಕು, ಬೈಕ್ ಓಡಿಸೋರಿಗೆ ಯಾವ್ದು ಬಾಳಿಕೆ ಬರ್ತದೆ ಅಂತ ಒಂದು ವಿಡಿಯೋ. ಜೇಬಿನ ಮೂಲೆನಾಗೆ ಬಾರ್‌ಟ್ಯಾಕ್, ಅಂದ್ರೆ ಒತ್ತೊತ್ತಾದ ಗಟ್ಟಿ ಹೊಲಿಗೆ, ಹಾಕೋದು ಒಂದು. ಅಲ್ಲೇ ಹೊಡೆಯೋ ತಾಮ್ರದ ರಿವೆಟ್, ಅಂದ್ರೆ ಗುಂಡಿಯಂಥ ಸಣ್ಣ ಮೊಳೆ, ಯಾಕೆ ಹಾಕ್ತಾರೆ ಅಂತ ಒಂದು, ಜೇಬಿನ ಮೂಲೆ ಹರಿಯದಂಗೆ ರಿವೆಟ್ ಹಾಕೋ ಪೇಟೆಂಟನ್ನ ಜೇಕಬ್ ಡೇವಿಸ್ ಅನ್ನೋ ದರ್ಜಿ, ಲೆವಿ ಸ್ಟ್ರಾಸ್ ಸೇರಿ ಅಮೆರಿಕಾದಾಗೆ 1873ರ ಮೇ 20ಕ್ಕೆ ತಗೊಂಡಿದ್ದು. ಅದನ್ನ ಕಂಡುಹಿಡಿದವ್ನೂ ನಿಮ್ಮಂಥ ದರ್ಜಿನೇ ಅನ್ನೋದು ನಿಮ್ಮ ಯೂನಿಟ್‌ನವ್ರಿಗೇ ಖುಷಿ ಕೊಡೋ ಮಾತು.

ಮಷಿನ್ ಮೇಲೆ ಕೂತಿರೋ ಟೈಲರ್‌ಗಳನ್ನ ತೋರಿಸೋ ಮುಂಚೆ ಅವ್ರನ್ನ ಕೇಳ್ರಿ, ಒಪ್ಪಿದ್ರೆ ಮಾತ್ರ ಮುಖ ತೋರಿಸ್ರಿ, ಇಲ್ಲಾಂದ್ರೆ ಕೈ ಅಷ್ಟೇ ಸಾಕು. ಕೈಕೆಲ್ಸದ ವಿಡಿಯೋಗೆ ಕೈಯೇ ಚೆಂದ.

ಭಾಷೆ ವಿಷ್ಯದಾಗೆ ನನ್ನ ಮಾತು ಕೇಳ್ರಿ, ಟಿವಿ ಆ್ಯಂಕರ್ ಕನ್ನಡ ಬೇಡ, ನೀವು ಮನೆನಾಗೆ ಹೆಂಗೆ ಮಾತಾಡ್ತೀರೋ ಹಂಗೇ ಮಾತಾಡ್ರಿ. ಬಳ್ಳಾರಿಯವ್ರು ಅಂತ ಮಾತಿನಾಗೇ ಗೊತ್ತಾಗ್ಬೇಕು, ಅದೇ ನಂಬಿಕೆ ಹುಟ್ಸೋದು. ನಮ್ಮ ಊರಾಗೆ ತೆಲುಗು ಮಾತಾಡೋರು ಎಷ್ಟು ಜನ, ಅನಂತಪುರ ಆದೋನಿ ಎಷ್ಟು ಹತ್ರ, ಅದೇ ವಿಡಿಯೋಗೆ ತೆಲುಗು ಧ್ವನಿ ಹಾಕಿ ಇನ್ನೊಂದು ಸಲ ಬಿಡ್ರಿ. ನಿಮ್ಮ ಯೂನಿಟ್‌ನಾಗೆ ತೆಲುಗು ಬಲ್ಲೋರು ಇದ್ದೇ ಇರ್ತಾರೆ. ಧ್ವನಿ ಬಂದ್ ಮಾಡ್ಕೊಂಡು ನೋಡೋರು ಬಹಳ ಜನ, ಅದಕ್ಕೆ ಹೇಳಿದ ಮಾತು ಅಕ್ಷರದಾಗೂ ಕಾಣಂಗೆ ಮಾಡ್ರಿ.

ಎಲ್ಲಾ ಆ್ಯಪ್‌ನಾಗೂ ಎಲ್ಲಾ ಮಾಡಕ್ಕೆ ಹೋಗ್ಬೇಡ್ರಿ, ಇಬ್ರು ಅಣ್ಣತಮ್ಮ ಯೂನಿಟ್ ನಡೆಸ್ಕೊಂಡು ಐದು ಕಡೆ ಪೋಸ್ಟ್ ಮಾಡಕ್ಕಾಗಲ್ಲ. ನಿಮಗೆ ಮೊದ್ಲು ವಾಟ್ಸಾಪ್. ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರಿಂದ ಐತೆ, ಫ್ರೀ, ಅದರಾಗೆ ಕ್ಯಾಟಲಾಗ್ ಹಾಕಿ ಒಂದೊಂದು ಪ್ಯಾಂಟಿಗೂ ಸೈಟಿನ ಅದೇ ಪ್ಯಾಂಟಿನ ಲಿಂಕ್ ಕೊಡಬಹುದು. ಈಗಾಗ್ಲೇ ನಿಮ್ಮ ಹತ್ರ ತಗೊಂಡವ್ರ ನಂಬರ್ ಐತಲ್ಲ, ಅವ್ರನ್ನ ಕೇಳಿ ಒಪ್ಪಿದವ್ರನ್ನ ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ ಹಾಕ್ಕೊಳ್ರಿ, ಒಂದೇ ಮೆಸೇಜು ಎಲ್ಲರಿಗೂ ಬೇರೆ ಬೇರೆಯಾಗಿ ಹೋಗೋ ಪಟ್ಟಿ ಅದು, ಒಂದು ಲಿಸ್ಟ್‌ಗೆ 256 ಜನ. ಒಂದು ತಿಳ್ಕೊಳ್ರಿ, ನಿಮ್ಮ ನಂಬರನ್ನ ಅವ್ರು ಸೇವ್ ಮಾಡ್ಕೊಂಡಿದ್ರೆ ಮಾತ್ರ ಬ್ರಾಡ್‌ಕಾಸ್ಟ್ ಅವ್ರಿಗೆ ಮುಟ್ತದೆ, ಅದಕ್ಕೆ ಪ್ರತಿ ಪಾರ್ಸೆಲ್ ಒಳಗೂ ಒಂದು ಚೀಟಿ ಇಟ್ಟು "ಈ ನಂಬರ್ ಸೇವ್ ಮಾಡ್ಕೊಳ್ರಿ, ಸೈಜ್ ಬದಲಾಯಿಸ್ಬೇಕಂದ್ರೂ ಇಲ್ಲೇ ಮೆಸೇಜ್ ಮಾಡ್ರಿ" ಅಂತ ಬರೀರಿ. ತಿಂಗಳಿಗೆ ಎರಡು ಮೂರು ಮೆಸೇಜ್ ಸಾಕು, ಹೊಸ ಮಾಲು ಬಂದಾಗ, ದಸರಾ ದೀಪಾವಳಿ ರಂಜಾನ್ ಮುಂಚೆ, ಕಾಲೇಜು ಶುರು ಆಗೋವಾಗ. ದಿನಾ ಗುಡ್ ಮಾರ್ನಿಂಗ್ ಕಳಿಸಿದ್ರೆ ಬ್ಲಾಕ್ ಮಾಡ್ತಾರೆ.

ಹೊಸಬ್ರು ಬರೋದು ಇನ್‌ಸ್ಟಾಗ್ರಾಮ್ ರೀಲ್ಸ್‌ನಿಂದ. ಅಲ್ಲಿ ಒತ್ತಿದ್ರೆ ತೆಗಿಯೋ ಲಿಂಕ್ ಇರೋದು ಬಯೋನಾಗೆ, 2023ರಿಂದ ಐದು ಲಿಂಕ್‌ವರೆಗೂ ಹಾಕಬಹುದು, ಆಮೇಲೆ ಸ್ಟೋರಿನಾಗೆ ಲಿಂಕ್ ಸ್ಟಿಕ್ಕರ್. ಬಯೋದಾಗೆ ಮೊದ್ಲ ಲಿಂಕ್ ಸೈಜ್ ಪೇಜ್, ಎರಡನೇದು ಈ ವಾರದ ರೀಲ್‌ನಾಗೆ ತೋರ್ಸಿದ ಪ್ಯಾಂಟು, ಮೂರನೇದು ನೇರ ವಾಟ್ಸಾಪ್ ಚಾಟ್. ಅಷ್ಟು ಸಾಕು. ಅದೇ ವಿಡಿಯೋನ ಫೇಸ್‌ಬುಕ್‌ಗೂ ಹಾಕ್ರಿ, ಹೊಸ ಹುಡುಗ್ರು ಅಲ್ಲಿ ಕಮ್ಮಿ ಇರಬಹುದು, ಆದ್ರೆ ಸಿಂಧನೂರು ಗಂಗಾವತಿ ಸಿರುಗುಪ್ಪದಾಗೆ ಬಟ್ಟೆ ಅಂಗಡಿ ಇಟ್ಟ ನಲವತ್ತೈವತ್ತು ವಯಸ್ಸಿನ ಯಜಮಾನ್ರು ಇನ್ನೂ ಫೇಸ್‌ಬುಕ್‌ನಾಗೇ ಅದಾರೆ, ನಿಮಗೆ ಹೋಲ್‌ಸೇಲ್ ಗಿರಾಕಿ ಅವ್ರೇ. ಅಳತೆ ಹೆಂಗೆ ತಗೊಬೇಕು ಅನ್ನೋದನ್ನ ಐದು ನಿಮಿಷದ ಉದ್ದ ವಿಡಿಯೋ ಮಾಡಿ ಯೂಟ್ಯೂಬ್‌ಗೆ ಹಾಕ್ರಿ, ರೀಲು ಎರಡು ಮೂರು ದಿನಕ್ಕೆ ಮರೆತು ಹೋಗ್ತದೆ, ಯೂಟ್ಯೂಬ್ ವಿಡಿಯೋ ವರ್ಷ ಆದ್ರೂ ಹುಡುಕಿದವ್ರಿಗೆ ಸಿಗ್ತದೆ, ಉದ್ದ ವಿಡಿಯೋ ಡಿಸ್ಕ್ರಿಪ್ಶನ್‌ನಾಗೆ ಲಿಂಕ್ ಕೆಲ್ಸನೂ ಮಾಡ್ತದೆ.

ಕೆಲವ್ರು ನಿಮಗೆ ಹೇಳಿರ್ತಾರೆ, ಫೇಸ್‌ಬುಕ್‌ನಾಗೆ ಲಿಂಕ್ ಜಾಸ್ತಿ ಹಾಕಿದ್ರೆ ಗೂಗಲ್‌ನಾಗೆ ಸೈಟ್ ಮೇಲೆ ಬರ್ತದೆ ಅಂತ. ಹಂಗಾಗಲ್ಲ. ಸೋಶಿಯಲ್ ಮೀಡಿಯಾ ಲಿಂಕ್‌ಗಳಿಗೆ ನೋಫಾಲೋ, ಅಂದ್ರೆ ಇದನ್ನ ಲೆಕ್ಕಕ್ಕೆ ತಗೊಬೇಡ ಅಂತ ಗೂಗಲ್‌ಗೆ ಹೇಳೋ ಗುರುತು ಹಾಕಿರ್ತಾರೆ, ರ್‍ಯಾಂಕ್‌ಗೆ ಅದ್ರಿಂದ ನೇರ ಲಾಭ ಇಲ್ಲ. ಲಾಭ ಆಗೋದು ಬೇರೆ ದಾರಿನಾಗೆ, ನಿಮ್ಮ ವಿಡಿಯೋ ನೋಡಿದವ್ರು ನಿಮ್ಮ ಲೇಬಲ್ ಹೆಸ್ರು ಹಿಡಿದು ಗೂಗಲ್‌ನಾಗೆ ಹುಡುಕ್ತಾರೆ. ಆವಾಗ ನಿಮ್ಮ ಯೂನಿಟ್‌ನ ಫೋಟೋ, ಮ್ಯಾಪು, ಟೈಮು, ಸೈಟ್ ಲಿಂಕ್ ಎಲ್ಲಾ ಒಟ್ಟಿಗೆ ಕಾಣ್ಬೇಕಂದ್ರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡ್ಕೊಳ್ರಿ, ಅದೂ ಫ್ರೀ.

ಇನ್ನು ಎರಡನೇ ಡೌಟ್, ದುಡ್ಡು ಹಾಕಿದ ಮೇಲೆ ಮಾಲು ಬರ್ತದಾ ಅನ್ನೋದು. ಇನ್‌ಸ್ಟಾಗ್ರಾಮ್‌ನಾಗೆ ಸೀರೆ ಶೂ ಅಂತ ಅಡ್ವಾನ್ಸ್ ಹಾಕಿ ಮೋಸ ಹೋದವ್ರು ಎಲ್ಲಾ ಊರಾಗೂ ಅದಾರೆ, ಅವ್ರ ಸಿಟ್ಟು ನಿಮ್ಮಂಥ ಪ್ರಾಮಾಣಿಕರ ಮೇಲೆ ಬೀಳ್ತದೆ. ಇದಕ್ಕೆ ಮಾತಿಗಿಂತ ತೋರ್ಸೋದೇ ಔಷಧಿ. ಯೂನಿಟ್ ಬೋರ್ಡಿನಿಂದ ಒಳಗೆ ನಡ್ಕೊಂಡು ಹೋಗಿ ಪ್ಯಾಕಿಂಗ್ ಟೇಬಲ್‌ವರೆಗೂ ಒಂದೇ ಶಾಟ್‌ನಾಗೆ ವಿಡಿಯೋ ಮಾಡಿ ಪೇಜಿನ ಮೇಲೆ ಪಿನ್ ಮಾಡ್ರಿ. ಸೈಟ್‌ನಾಗೆ ಪೂರ್ತಿ ವಿಳಾಸ, ಫೋನು, ರಿಟರ್ನ್ ನಿಯಮ, ದೂರು ಕೇಳೋ ಅಧಿಕಾರಿ ಅಂತ ಒಬ್ರ ಹೆಸ್ರು ಹಾಕ್ರಿ. ಇದು ಬರೀ ಚೆಂದಕ್ಕಲ್ಲ, 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮದ ಪ್ರಕಾರ ಹಾಕ್ಲೇಬೇಕು, ದೂರು ಬಂದ್ರೆ 48 ಗಂಟೆನಾಗೆ ಬಂದೈತೆ ಅಂತ ತಿಳಿಸ್ಬೇಕು, ಒಂದು ತಿಂಗಳಾಗೆ ಬಗೆಹರಿಸ್ಬೇಕು. ತೆಲುಗು ವಿಡಿಯೋ ನೋಡಿ ಆಂಧ್ರದಿಂದ ಆರ್ಡರ್ ಬಂದ್ರೆ ಅದು ಬೇರೆ ರಾಜ್ಯಕ್ಕೆ ಮಾರಾಟ, ಅದಕ್ಕೆ ವ್ಯಾಪಾರ ಎಷ್ಟೇ ಸಣ್ಣದಿದ್ರೂ ಜಿಎಸ್‌ಟಿ ರಿಜಿಸ್ಟ್ರೇಶನ್ ಬೇಕು, ಜಾಬ್‌ವರ್ಕ್ ಕಾಲದಾಗೆ ತಗೊಳ್ದೇ ಇದ್ರೆ ನಿಮ್ಮ ಆಡಿಟರನ್ನ ಈಗಲೇ ಕೇಳ್ರಿ.

ಕಾಮೆಂಟ್‌ನಾಗೆ "ಪ್ರೈಸ್ ಎಷ್ಟು" ಅಂದ್ರೆ "ಡಿಎಂ ಮಾಡಿ", ಅಂದ್ರೆ ಖಾಸಗಿ ಮೆಸೇಜ್ ಮಾಡಿ, ಅನ್ಬೇಡ್ರಿ. ನಿಮ್ಮ ಹಳೆ ಪೋಸ್ಟ್‌ಗಳಾಗೆ ಇದನ್ನೇ ಮಾಡಿರ್ತೀರಿ, ಸುಮಾರು ಜನ ಹಂಗೇ ಮಾಡ್ತಾರೆ. ಬೆಲೆ ಮುಚ್ಚಿಟ್ರೆ ಮುಖ ನೋಡಿ ರೇಟ್ ಹೇಳ್ತಾರೆ ಅನ್ನೋ ಅನುಮಾನ ಬರ್ತದೆ. ಅಲ್ಲೇ ಬೆಲೆ ಬರೀರಿ, ಯಾವ ಸೈಜ್ ಸ್ಟಾಕ್ ಐತೆ ಬರೀರಿ, ಅವ್ರ ಹೆಸ್ರು ಹಿಡಿದು ಉತ್ತರ ಕೊಡ್ರಿ. ಬೈದು ಬರ್ದವ್ರ ಕಾಮೆಂಟ್ ಅಳಿಸ್ಬೇಡ್ರಿ, "ಅಣ್ಣ ನಿಮ್ಮ ಆರ್ಡರ್ ನಂಬರ್ ಕಳಿಸ್ರಿ, ಇವತ್ತೇ ನೋಡ್ತೀವಿ" ಅಂತ ಎಲ್ಲರಿಗೂ ಕಾಣಂಗೆ ಬರೀರಿ, ಆಮೇಲೆ ನಿಜವಾಗ್ಲೂ ಅವತ್ತೇ ನೋಡ್ರಿ. ಸರಿ ಮಾಡಿಕೊಟ್ಟ ಒಂದು ದೂರು ಹತ್ತು ಹೊಗಳಿಕೆಗಿಂತ ಜಾಸ್ತಿ ಕೆಲ್ಸ ಮಾಡ್ತದೆ. ಹೊಗಳಿಕೆ ಅಂದ್ರೆ ನೆನಪಾಯ್ತು, ಫ್ರೆಂಡ್ಸ್ ಕೈನಾಗೆ ಸುಳ್ಳು ರಿವ್ಯೂ ಬರೆಸೋದು ಅದೇ 2020ರ ನಿಯಮದ ಪ್ರಕಾರ ತಪ್ಪು, ಮಾರೋನೇ ಗಿರಾಕಿ ವೇಷ ಹಾಕಿ ಬರೆಯಂಗಿಲ್ಲ. ಊರಿನ ಯಾವ್ದಾದ್ರೂ ರೀಲ್ಸ್ ಹುಡುಗ್ರಿಗೆ ಪ್ಯಾಂಟ್ ಫ್ರೀ ಕೊಟ್ಟು ಹಾಕ್ಕೊಂಡು ತೋರಿಸಿ ಅಂತ ಕೇಳಬಹುದು, ಅದರಾಗೆ ತಪ್ಪಿಲ್ಲ, ಆದ್ರೆ ಅದು ಜಾಹೀರಾತು ಅಂತ ವಿಡಿಯೋದಾಗೆ ಕಾಣಂಗೆ ಬರೀಬೇಕು, ಜಾಹೀರಾತು ಮಂಡಳಿ ಎಎಸ್‌ಸಿಐ 2021ರಾಗೇ ಈ ನಿಯಮ ತಂದೈತೆ, ಫ್ರೀ ಮಾಲು ಕೊಟ್ಟಿದ್ರೂ ಲೆಕ್ಕಕ್ಕೆ ಬರ್ತದೆ.

ನಿಮ್ಮ ತಮ್ಮ ಕೇಳಬಹುದು, ಇಷ್ಟೆಲ್ಲಾ ಇನ್‌ಸ್ಟಾಗ್ರಾಮ್‌ನಾಗೇ ಆಗ್ತದಲ್ಲ, ಸೈಟ್ ಯಾಕೆ ಬೇಕು ಅಂತ. ಬೇರೆಯವ್ರ ಕಟ್ಟೆ ಮೇಲೆ ಹಾಕಿದ ಅಂಗಡಿ ಅದು, ಯಜಮಾನ ಎಬ್ಬಿಸಿದ ದಿನ ಏಳಬೇಕು. 2020ರ ಜೂನ್ 29ಕ್ಕೆ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್ ಬ್ಯಾನ್ ಮಾಡ್ತು, ಲಕ್ಷಗಟ್ಟಲೆ ಫಾಲೋವರ್ಸ್ ಇದ್ದ ನಮ್ಮ ಹಳ್ಳಿ ಹುಡುಗ್ರು ರಾತ್ರೋರಾತ್ರಿ ಸೊನ್ನೆಗೆ ಬಂದ್ರು, ಅವ್ರ ಫಾಲೋವರ್ಸ್‌ದು ಒಂದು ಫೋನ್ ನಂಬರೂ ಅವ್ರ ಹತ್ರ ಇರ್ಲಿಲ್ಲ. 2021ರ ಅಕ್ಟೋಬರ್ 4ಕ್ಕೆ ಫೇಸ್‌ಬುಕ್ ಇನ್‌ಸ್ಟಾಗ್ರಾಮ್ ವಾಟ್ಸಾಪ್ ಮೂರೂ ಒಟ್ಟಿಗೆ ಆರು ಗಂಟೆ ಹತ್ತತ್ರ ನಿಂತು ಹೋಗಿದ್ವು, ಮೂರೂ ಒಂದೇ ಕಂಪನಿದು. ನಿಮ್ಮ ಪೇಜ್ ಯಾರೋ ಹ್ಯಾಕ್ ಮಾಡಿದ್ರೂ ಅದೇ ಗತಿ. ಸೈಟು, ಅದರ ಹೆಸ್ರು, ಗಿರಾಕಿಗಳ ಪಟ್ಟಿ ನಿಮ್ದು. ಇನ್ನೊಂದು ಕೇಳ್ತೀನಿ, ಆ ಡೊಮೈನ್ ಹೆಸ್ರು, ಅಂದ್ರೆ ಸೈಟಿನ ಅಡ್ರೆಸ್, ರಿಜಿಸ್ಟರ್ ಆಗಿರೋದು ನಿಮ್ಮ ಈಮೇಲ್‌ನಾಗಾ, ಸೈಟ್ ಮಾಡಿಕೊಟ್ಟವ್ರ ಈಮೇಲ್‌ನಾಗಾ? ಇದೊಂದು ಇವತ್ತೇ ನೋಡ್ಕೊಳ್ರಿ, ಅವ್ರ ಹೆಸ್ರಾಗೆ ಇದ್ರೆ ಪ್ರೀತಿಯಿಂದ ಕೇಳಿ ನಿಮ್ಮ ಹೆಸ್ರಿಗೆ ಮಾಡಿಸ್ಕೊಳ್ರಿ.

ಯಾವ ಪೋಸ್ಟಿಂದ ಎಷ್ಟು ಜನ ಬಂದ್ರು ಅಂತ ತಿಳಿಯಕ್ಕೆ ಯುಟಿಎಂ ಲಿಂಕ್ ಮಾಡ್ಕೊಳ್ರಿ, ಅಂದ್ರೆ ಅದೇ ಲಿಂಕಿನ ಬಾಲಕ್ಕೆ ಇದು ಇನ್‌ಸ್ಟಾಗ್ರಾಮ್ ಬಯೋದು, ಇದು ವಾಟ್ಸಾಪ್‌ದು, ಇದು ಪಾರ್ಸೆಲ್ ಚೀಟಿದು ಅಂತ ಗುರುತು ಹಾಕೋದು. ಸೈಟಿಗೆ ಬಂದವ್ರ ಲೆಕ್ಕ ತೋರಿಸೋ ಗೂಗಲ್ ಅನಾಲಿಟಿಕ್ಸ್‌ನಾಗೆ ಒಂದೊಂದೂ ಬೇರೆ ಬೇರೆ ಕಾಣ್ತದೆ. ವಾರಕ್ಕೊಂದು ಸಲ ನೋಡಿದ್ರೆ ಸಾಕು, ಲೈಕ್ ನೋಡ್ಬೇಡ್ರಿ, ಸೈಜ್ ಪೇಜಿಗೆ ಎಷ್ಟು ಜನ ಬಂದ್ರು, ಅದರಾಗೆ ವಾಟ್ಸಾಪ್ ಬಟನ್ ಎಷ್ಟು ಜನ ಒತ್ತಿದ್ರು, ಆರ್ಡರ್ ಎಷ್ಟು, ಇಷ್ಟೇ. ಐವತ್ತು ಸಾವಿರ ಜನ ನೋಡಿದ ರೀಲ್‌ನಿಂದ ಒಂದೂ ಆರ್ಡರ್ ಬರ್ದೇ ಇರಬಹುದು, ಎಂಟುನೂರು ಜನ ನೋಡಿದ ಅಳತೆ ವಿಡಿಯೋದಿಂದ ನಾಲ್ಕು ಬರಬಹುದು, ಹಂಗಾದ್ರೆ ಮುಂದಿನ ವಾರ ಅಳತೆದೇ ಇನ್ನೊಂದು ಮಾಡ್ರಿ.

ದುಡ್ಡು ಕೊಟ್ಟು ಆ್ಯಡ್ ಹಾಕೋದು ಆಮೇಲಿನ ಮಾತು. ದುಡ್ಡಿಲ್ಲದೇನೇ ಯಾವ ವಿಡಿಯೋದಿಂದ ಆರ್ಡರ್ ಬಂತೋ ಅದಕ್ಕೆ ಮಾತ್ರ ಹಾಕ್ರಿ, ಪೋಸ್ಟರ್‌ಗೆ ಹಾಕ್ಬೇಡ್ರಿ. ಪೋಸ್ಟ್ ಕೆಳಗೆ ಕಾಣೋ ಬೂಸ್ಟ್ ಬಟನ್ ಒತ್ತೋದಕ್ಕಿಂತ ಫೇಸ್‌ಬುಕ್‌ನವ್ರದ್ದೇ ಆ್ಯಡ್ ಹಾಕೋ ಟೂಲ್ ಆ್ಯಡ್ಸ್ ಮ್ಯಾನೇಜರ್‌ನಾಗೆ ಹೋಗಿ ಊರು, ವಯಸ್ಸು, ಉದ್ದೇಶ ಆರಿಸ್ಕೊಳ್ರಿ, ಮೊದ್ಲೇ ನಿಮ್ಮ ಸೈಟಿಗೆ ಬಂದು ಹೋದವ್ರಿಗೇ ಮತ್ತೆ ತೋರಿಸೋ ಸೌಲಭ್ಯ ಐತೆ, ಸಣ್ಣ ಬಜೆಟ್‌ಗೆ ಅದು ಒಳ್ಳೇದು. ಆ್ಯಡ್ ದುಡ್ಡಿನ ಮೇಲೆ 18% ಜಿಎಸ್‌ಟಿ ಬೀಳ್ತದೆ, ಲೆಕ್ಕಕ್ಕೆ ಅದನ್ನೂ ಸೇರಿಸ್ಕೊಳ್ರಿ.

ಕೊನೆಗೆ ಅಪ್ಪನ ಮಾತು. ಅವ್ರು ಹೆದರೋದ್ರಾಗೆ ಅರ್ಥ ಐತೆ, ನೀವು ಅದನ್ನ ಹಗುರ ಮಾಡ್ಬೇಡ್ರಿ. ಅಂಗಡಿಯವ್ನಿಗೆ ಕೊಡೋ ಹೋಲ್‌ಸೇಲ್ ರೇಟನ್ನೇ ಸೈಟ್‌ನಾಗೆ ಹಾಕಿದ್ರೆ ಅವ್ನ ಗಿರಾಕಿ ಫೋನ್ ತೋರಿಸಿ ಜಗಳ ಮಾಡ್ತಾನೆ, ಅಂಗಡಿಯವ್ನು ಮರುದಿನ ನಿಮ್ಮ ಮಾಲು ವಾಪಸ್ ಕಳಿಸ್ತಾನೆ. ಅದಕ್ಕೆ ಸೈಟಿನ ಬೆಲೆ ಅಂಗಡಿ ಮಾರೋ ಬೆಲೆಗಿಂತ ಕಮ್ಮಿ ಇರ್ಬಾರ್ದು, ಹಬ್ಬದ ಡಿಸ್ಕೌಂಟ್ ಕೊಟ್ರೂ ಅವ್ರಿಗೆ ಮೊದ್ಲೇ ತಿಳ್ಸಿ ಅವ್ರಿಗೂ ಅಷ್ಟೇ ಬಿಡ್ರಿ. ಸಾಧ್ಯ ಆದ್ರೆ ಆನ್‌ಲೈನ್‌ಗೆ ಅಂತ ಎರಡು ಮೂರು ಬೇರೆ ಡಿಸೈನ್ ಇಡ್ರಿ. ಹೋಲ್‌ಸೇಲ್ ರೇಟ್ ಲಿಸ್ಟ್ ಸೈಟ್ ಮೇಲೆ ಬೇಡ, "ಅಂಗಡಿಯವ್ರು ಇಲ್ಲಿ ವಾಟ್ಸಾಪ್ ಮಾಡ್ರಿ" ಅಂತ ಒಂದು ಬಟನ್ ಇಟ್ಟು ಅಂಗಡಿ ಹೆಸ್ರು ಕೇಳಿ ಆಮೇಲೆ ಕಳಿಸ್ರಿ. ಆಮೇಲೆ "ನಮ್ಮ ಜೀನ್ಸ್ ಸಿಗೋ ಅಂಗಡಿಗಳು" ಅಂತ ಒಂದು ಪೇಜ್ ಮಾಡ್ರಿ, ಊರು, ಅಂಗಡಿ ಹೆಸ್ರು, ಮ್ಯಾಪ್ ಎಲ್ಲಾ ಹಾಕಿ. ಅಪ್ಪ ಮಾಲು ಕೊಡಕ್ಕೆ ಹೋದಾಗ ನೀವೂ ಜೊತೆಗೆ ಹೋಗಿ ಆ ಯಜಮಾನ್ರನ್ನೇ ಕೇಳಿ ಅಂಗಡಿ ಮುಂದೆ ನಿಲ್ಸಿ ಅರ್ಧ ನಿಮಿಷದ ವಿಡಿಯೋ ತೆಗೀರಿ, ಅವ್ರ ಪೇಜನ್ನ ಟ್ಯಾಗ್ ಮಾಡ್ರಿ, ಲಿಂಕ್ ಈ ಅಂಗಡಿ ಪೇಜಿಗೆ ಕೊಡ್ರಿ. ಅವ್ರು ಅದನ್ನ ತಮ್ಮ ಸ್ಟೇಟಸ್‌ಗೆ ಹಾಕ್ಕೊಳ್ತಾರೆ, ಅವ್ರ ಊರಿನವ್ರೆಲ್ಲಾ ನೋಡ್ತಾರೆ. ನಿಮ್ಮ ಫ್ರೆಂಡ್ಸ್ ಬಿಟ್ಟು ಹೊರಗಿನವ್ರು ನಿಮ್ಮ ಸೈಟಿಗೆ ಬರೋದು ಅಲ್ಲಿಂದಾನೇ ಶುರು ಆಗಬಹುದು. ಅಪ್ಪನಿಗೆ ಪರಿಚಯ ಇರೋ ಅಂಗಡಿ ಪಟ್ಟಿ ಇವತ್ತು ರಾತ್ರಿ ಕೂತು ಬರ್ಕೊಳ್ರಿ.